ನಲ್ಲಿ ಮತ್ತು ಬೂಟು

ಆ ಚಿತ್ರಸಮಾಜದಲ್ಲೊಂದು ಪದ್ಧತಿಯಿತ್ತು. ಸಿನಿಮಾ ಮುಗಿದ ಮೇಲೆ ಹೊಸಬರು ಎದ್ದು ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಸದಸ್ಯತ್ವವಿಲ್ಲ. ಮೂರು ತಿಂಗಳು ಧೈರ್ಯ ಕೂಡಿಸಿಕೊಂಡು ಮೇದಿನಿ ಅರ್ಜಿ ಹಿಡಿದು ಬಂದ ದಿನವೇ ಹಳೇ ಇಟಾಲಿಯನ್ ಥ್ರಿಲ್ಲರ್ ಹಾಕಿದ್ದರು. ಮೊದಲ ಕೊಲೆಗೇ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡವಳು ದೀಪ ಹತ್ತಿದ ಮೇಲೆಯೇ ಕಣ್ಣು ಬಿಟ್ಟಳು.

“ಏನನ್ನಿಸ್ತಮ್ಮಾ?” ಅಧ್ಯಕ್ಷರಾದ ಶೇಷಗಿರಿ ಮೇಷ್ಟ್ರು ಕೇಳಿದರು. ಸಿನಿಮಾ ವಿಷಯದಲ್ಲಿ ಊರಿಗೆಲ್ಲ ಅವರದೇ ಕಡೇ ಮಾತು.

ಮೇದಿನಿ ಎದ್ದಳು. “ಪ್ರತಿ ಕೊಲೆಗೆ ಮುಂಚೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತೆ ಸರ್. ಆಮೇಲೆ ಬೂಟು ಕಿರಕಿರ ಅನ್ನುತ್ತೆ.”

ಸಭೆಯೆಲ್ಲ ತಿರುಗಿ ನೋಡಿತು. “ನಾವು ನಾಯಕಿಯ ಕೋಟು ನೋಡ್ತಾ ಕೂತಿದ್ವಿ. ಈ ಹುಡುಗಿ ಕಿವಿ ನೋಡ್ರಪ್ಪ,” ಎಂದರು ಹಿಂದಿನ ಸಾಲಿನ ವಕೀಲರು. ಮೇಷ್ಟ್ರು ಅಲ್ಲೇ ಅರ್ಜಿಗೆ ಸಹಿ ಹಾಕಿದರು.

ಮೇದಿನಿಗೆ ಮಾತ್ರ ಕದ್ದು ಸಿಕ್ಕಿಬಿದ್ದ ಹಾಗಾಗಿತ್ತು. ಎಲ್ಲರೂ ಹೊರಡುವ ತನಕ ಕಾದು, “ಸರ್, ನಾನು ಕಣ್ಣೇ ಬಿಟ್ಟಿರಲಿಲ್ಲ,” ಎಂದಳು.

ಮೇಷ್ಟ್ರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಈ ಸಿನಿಮಾನ ಹನ್ನೆರಡು ಸಲ ಹಾಕಿಸಿದ್ದೀನಮ್ಮಾ. ಕೊಲೆ ಮಾಡಿದ್ದು ಯಾರು ಅಂತ ನನಗಿನ್ನೂ ಗೊತ್ತಿಲ್ಲ.”