ಹೆಸರೆತ್ತದ ಪ್ರಸಂಗ

ಚರ್ಚಿನಲ್ಲಿ ಭಾನುವಾರದ ಪ್ರಸಂಗ ಅರ್ಧಕ್ಕೆ ಬಂದಿತ್ತು. ನಾಲ್ಕನೆಯ ಸಾಲಿನಿಂದ ಟೈಲರಕ್ಕ ಎದ್ದಳು. ಮಗು ಅತ್ತಿತೆಂದು ಎದ್ದು ಹೋಗುವವರ ಹಾಗೆ ತಲೆ ತಗ್ಗಿಸಿ ಗೋಡೆ ಬದಿಯಿಂದ ಸರಿದು ಹೋಗಲಿಲ್ಲ. ನಡುವಿನ ದಾರಿಯಲ್ಲೇ, ಎಲ್ಲರೂ ನೋಡುತ್ತಿರುವಂತೆ ಹೊರಗೆ ನಡೆದುಬಿಟ್ಟಳು. ಪ್ರಸಂಗ ಹೇಳುತ್ತಿದ್ದ ಸಭಾಪಾಲಕರ ಮಾತು ಒಂದು ಗಳಿಗೆ ತಡವರಿಸಿತು. ಆಮೇಲೆ ಮುಂದುವರಿಯಿತು.

ಅಂದಿನ ಬೈಬಲ್ ವಾಕ್ಯ, ಬಾಯಾರಿದವರಿಗೆ ತಣ್ಣೀರು ಕೊಡುವುದರ ಕುರಿತಾಗಿತ್ತು. ಅದಕ್ಕೊಂದು ನಿದರ್ಶನ ಬೇಕಿತ್ತು. ‘ನನಗೆ ಗೊತ್ತಿರುವ ಒಬ್ಬ ಸೊಸೆ’ ಎಂದು ಶುರುಮಾಡಿದ್ದರು. ಹಾಸಿಗೆ ಹಿಡಿದ ಅತ್ತೆ ಒಂದು ಮಧ್ಯಾಹ್ನ ನೀರು ನೀರು ಎಂದು ಕೂಗಿದರೂ ಆ ಸೊಸೆ ಕೇಳಿಸದವಳ ಹಾಗೆ ಕೂತಿದ್ದಳು, ಈಕೆಯನ್ನು ಬೇಗ ಕರೆದುಕೋ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು, ಎಂದು ಹೇಳುವಾಗ ಅವರ ದನಿ ನಡುಗಿತ್ತು. ಜನ ಬರುವ ಕೆಮ್ಮನ್ನೂ ತಡೆದುಕೊಂಡು ಕೇಳಿದ್ದರು. ತಿಂಗಳ ಹಿಂದೆ ಟೈಲರಕ್ಕ ಅವರ ಕೋಣೆಗೆ ಬಂದು, ಬಾಗಿಲು ಮುಚ್ಚಿಸಿ, ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಅತ್ತು ಹೇಳಿಕೊಂಡಿದ್ದ ಮಾತು ಅದು.

“ಇಂಥ ಪ್ರಸಂಗ ಕೇಳಿ ಎಷ್ಟು ದಿನ ಆಗಿತ್ತು ಅಯ್ಯನವ್ರೇ, ಎದೆಗೇ ನಾಟ್ತು” ಎಂದು ಸಭೆಯ ಹಿರಿಯರು ಬಾಗಿಲಲ್ಲಿ ಕೈ ಹಿಡಿದುಕೊಂಡೇ ನಿಂತರು. ಮನೆಯಲ್ಲಿ ಮಾತ್ರ ಸಭಾಪಾಲಕರ ಹೆಂಡತಿ ಮುಖ ನೋಡದೆ ಊಟಕ್ಕೆ ಬಡಿಸಿದರು.

“ನಾನೇನು ಅವಳ ಹೆಸರು ಹೇಳಿದ್ನಾ?” ಸಭಾಪಾಲಕರೇ ಕೊನೆಗೆ ಬಾಯಿಬಿಟ್ಟರು.

“ಹೆಸರು ಬೇರೆ ಹೇಳ್ಬೇಕಿತ್ತಾ? ಹಾಸಿಗೆ ಹಿಡಿದ ಅತ್ತೆ ಇರೋದು ನಮ್ಮ ಸಭೇಲಿ ಅವಳೊಬ್ಬಳಿಗೇ.”

ಎರಡು ದಿನ ಹಿಂದೆಮುಂದೆ ನೋಡಿ, ಮಂಗಳವಾರ ಅವಳ ಮನೆಗೆ ಹೋದರು. ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅಲ್ಲಿ ಗಿರಾಕಿಗಳಿದ್ದಾರೆಂದು ಮನೆ ಸುತ್ತಿಕೊಂಡು ಹಿತ್ತಿಲ ಕಡೆಯಿಂದ ಒಳಗೆ ಬಂದರು. ಅಡುಗೆಮನೆಯಲ್ಲಿ ಟೈಲರಕ್ಕ ಒಲೆಯ ಮುಂದೆ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ತಪ್ಪಾಯ್ತಮ್ಮ. ಕ್ಷಮಿಸಿಬಿಡು” ಎಂದರು.

ಅವಳು ಒಲೆ ಆರಿಸಿದಳು. “ಮೊನ್ನೆಯಿಂದ ನಾಲ್ಕು ಜನ ಬಂದು ಹೋದ್ರು, ಅತ್ತೇನ ನೋಡೋಕಂತೆ. ಅತ್ತೇನ ಎಲ್ಲಿ ನೋಡಿದ್ರು? ಹಾಸಿಗೆ ಪಕ್ಕದ ಚೊಂಬಲ್ಲಿ ನೀರಿದ್ಯಾ ಇಲ್ವಾ ಅಂತ ಬಗ್ಗಿ ನೋಡ್ಕೊಂಡು ಹೋದ್ರು.”

“ನಿಮ್ಮತ್ತೆಗೂ ಗೊತ್ತಾಯ್ತಾ?”

“ಬಂದವರು ಹೇಳದೆ ಬಿಡ್ತಾರಾ?” ಅವಳ ಕಣ್ಣಲ್ಲಿ ನೀರಿರಲಿಲ್ಲ. “ನನ್ನ ಪಾಪ ಹೇಳೋಕೆ ನಿಮಗೆ ಮೈಕು ಬೇಕಾಯ್ತು ಅಯ್ಯನವ್ರೇ. ನಿಮ್ಮದು ಹೇಳೋಕೆ ಹಿತ್ತಿಲಿಂದ ಬಂದಿದ್ದೀರಿ.”

ಸಭಾಪಾಲಕರು ಬಂದ ದಾರಿಯಲ್ಲೇ ತಿರುಗಿ ಹೋದರು. ಇಪ್ಪತ್ತೆರಡು ವರ್ಷ ಪಾಪದ ಮೇಲೆ ಪುಟಗಟ್ಟಲೆ ಬರೆದ ಕೈಗೆ ಆ ವಾರ, ಸಭೆಯ ಮುಂದೆ ತನ್ನ ತಪ್ಪು ಒಪ್ಪಿಕೊಳ್ಳುವ ನಾಲ್ಕು ಸಾಲು ಬರೆಯುವುದು ಕಷ್ಟವಾಯಿತು. ‘ಅರಿಯದೆ ಆಯಿತು’ ಎಂದು ಬರೆದು ಹೊಡೆದುಹಾಕಿದರು. ‘ಸಭೆಯ ಹಿತಕ್ಕಾಗಿ’ ಎಂದು ಬರೆದು ಅದನ್ನೂ ಹೊಡೆದುಹಾಕಿದರು. ಶನಿವಾರ ವಿಷಯ ತಿಳಿದು ಹಿರಿಯರು ಓಡಿಬಂದರು.

“ನೀವೇ ಹಿಂಗೆ ಮೈಮೇಲೆ ಎಳ್ಕೊಂಡ್ರೆ ಹೇಗೆ? ಇನ್ಮೇಲೆ ನಿಮ್ಮ ಮಾತು ಯಾರು ಕೇಳ್ತಾರೆ?”

“ನನ್ನ ಮಾತು ಬಿಡಿ. ಇನ್ಮೇಲೆ ನನ್ನ ಹತ್ರ ಬಂದು ಯಾರು ಹೇಳ್ಕೋತಾರೆ, ಅದನ್ನ ಯೋಚನೆ ಮಾಡಿ” ಎಂದರು ಸಭಾಪಾಲಕರು.

ಭಾನುವಾರ ವಾಕ್ಯ ಓದಿ ಮುಗಿದ ಮೇಲೆ ಅವರು ಪ್ರಸಂಗ ಪೀಠ ಹತ್ತಲಿಲ್ಲ, ಕೆಳಗೇ ನಿಂತರು. “ಒಬ್ಬರು ನನ್ನನ್ನು ನಂಬಿ ಗುಟ್ಟಾಗಿ ಹೇಳಿದ ಮಾತನ್ನು ಹೋದ ವಾರ ನಿಮ್ಮ ಮುಂದೆ ಬಿಚ್ಚಿಟ್ಟೆ. ನಿಮ್ಮನ್ನು ತಿದ್ದೋಕಲ್ಲ. ನನ್ನ ಪ್ರಸಂಗ ಚೆನ್ನಾಗಿತ್ತು ಅಂತ ನೀವು ಹೇಳಲಿ ಅಂತ. ಅದು ಪಾಪ. ಮಾಡಿದವನು ನಾನು.” ಇಷ್ಟು ಹೇಳಿ ಕೂತರು. ಯಾರೋ ಮೂಗು ಒರೆಸಿಕೊಂಡರು. ಕೊನೆಯ ಹಾಡಿಗೆ ಮೊದಲೇ ಎರಡು ಕುಟುಂಬಗಳು ಎದ್ದು ಹೋದವು. ಟೈಲರಕ್ಕ ಬಂದಿರಲಿಲ್ಲ.

ಆರಾಧನೆಗೆ ಬರಲಾಗದ ರೋಗಿಗಳಿಗೆ ಮನೆಗೇ ಹೋಗಿ ಕರ್ತನ ಭೋಜನ ಕೊಡುವ ಭಾನುವಾರ ಅದು. ಮಧ್ಯಾಹ್ನ ರೊಟ್ಟಿ, ದ್ರಾಕ್ಷಾರಸದ ಪುಟ್ಟ ಪೆಟ್ಟಿಗೆ ಹಿಡಿದು, ಈ ಸಲ ಅಂಗಡಿಯ ಮುಂದಿನಿಂದಲೇ ಒಳಗೆ ಹೋದರು. ಟೈಲರಕ್ಕ ಅತ್ತೆಯನ್ನು ಎಬ್ಬಿಸಿ, ಬೆನ್ನಿಗೆ ತನ್ನ ಎದೆಯನ್ನೇ ಆನಿಸಿ ಕೂರಿಸಿಕೊಂಡಳು. ಸಭಾಪಾಲಕರು ಪ್ರಾರ್ಥನೆ ಮಾಡಿ ರೊಟ್ಟಿಯ ಚೂರನ್ನು ಮುದುಕಿಯ ಬಾಯಿಗಿಟ್ಟರು. ಸೊಸೆ ಗಲ್ಲದ ಕೆಳಗೆ ಕೈಯೊಡ್ಡಿ, ನಿಧಾನವಾಗಿ ನುಂಗುವವರೆಗೂ ಹಿಡಿದಿದ್ದಳು.

“ನಿಮ್ಮ ತಪ್ಪು ನೀವೇ ಹೇಳ್ಕೊಂಡ್ರಂತೆ, ಪಕ್ಕದ ಮನೆಯವಳು ಬಂದು ಹೇಳಿದ್ಳು” ಎಂದಳು ಮುದುಕಿ. ದನಿ ಸಣ್ಣದಾಗಿದ್ದರೂ ಮಾತು ಸ್ಪಷ್ಟವಾಗಿತ್ತು.

“ಹೌದಮ್ಮ.”

“ಒಳ್ಳೇದಾಯ್ತು ಬಿಡಿ.” ಉಸಿರು ಎಳೆದುಕೊಳ್ಳಲು ಸ್ವಲ್ಪ ತಡೆದಳು. “ಇವಳು ನೀರು ಕೊಡದ ಒಂದು ಮಧ್ಯಾಹ್ನಕ್ಕೆ ಒಂದು ಭಾನುವಾರ ಆಯ್ತು. ನಿಮ್ಮ ತಪ್ಪಿಗೆ ಇನ್ನೊಂದು ಭಾನುವಾರ ಆಯ್ತು. ಒಂಬತ್ತು ವರ್ಷದಿಂದ ನನಗೆ ನೀರು ಕೊಡ್ತಾ ಇದ್ದಾಳಲ್ಲ, ಅದನ್ನ ಯಾವ ಭಾನುವಾರ ಹೇಳ್ತೀರಿ ಅಯ್ಯನವ್ರೇ?”