ಹಿತ್ತಲ ಬಾಗಿಲಿಗೆ ಓದಿದ ವಾರಂಟು

ಜಾಮೀನಿನ ಮೇಲಿದ್ದ ಚನ್ನವೀರ ಮನೆಯ ತಲೆಬಾಗಿಲನ್ನು ಬಿಚ್ಚಿ, ಕೈಗಾಡಿಯ ಮೇಲೆ ಹೇರಿಕೊಂಡು, ಸಾಕ್ಷಿ ಹೇಳಿಸಲು ಕೋರ್ಟಿಗೆ ತಂದಿದ್ದ. ಬಾಗಿಲು ಎಡವಟ್ಟು ಮಾತಾಡಿದರೆ ಹತ್ತು ವರ್ಷ ಜೈಲು ಖಾತ್ರಿ.

"ಹಿರಿಯರ, ಪೊಲೀಸರು ನಿಮಗ ವಾರಂಟು ಓದಿ ಹೇಳಿದ್ರೇನು?" ಎಂದು ಅವನ ವಕೀಲೆ ನೀಲಾಂಬಿಕಾ ಬಾಗಿಲನ್ನು ಕೇಳಿದರು.

"ಇಲ್ಲರೀ. ಓದಿದ್ರ ತಗೀತಿದ್ದೆ. ನನ್ನ ಕಡೆ ತಿರುಗಿನೂ ನೋಡಲಿಲ್ಲ, ಹಿತ್ತಲಿಗೆ ಹೋದ್ರು."

ಇನ್‌ಸ್ಪೆಕ್ಟರು ಎದ್ದು ನಿಂತರು. "ಸಾಹೇಬ್ರ, ಹಿತ್ತಲ ಬಾಗಿಲಿಗೆ ಪೂರಾ ಓದೀವಿ. ಅದು ಒಪ್ಪಿಗಿ ಕೊಟ್ಟು ತಗದೈತಿ. ಒಳಗ ಗಾಂಜಾ, ಪಿಸ್ತೂಲು ಎರಡೂ ಸಿಕ್ಕಾವ."

"ಅದು ಕೂಸು ರೀ!" ತಲೆಬಾಗಿಲು ಕಿರುಗುಟ್ಟಿತು. "ಹೋದ ದೀಪಾವಳಿಗೆ ಕೂಡಿಸ್ಯಾರ. ಬೆಕ್ಕು ಬಂದ್ರೂ ತಗೀತೈತಿ."

ನ್ಯಾಯಾಧೀಶರು ನಗು ತಡೆದುಕೊಂಡು, ಅಪ್ರಾಪ್ತ ಬಾಗಿಲಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಅಂಥ ಶೋಧದಲ್ಲಿ ಸಿಕ್ಕ ಮಾಲು ಸಾಕ್ಷ್ಯವೂ ಅಲ್ಲ ಎಂದು ಬರೆಸಿದರು. ಬೇರೆ ಸಾಕ್ಷ್ಯವಿರಲಿಲ್ಲ. ಚನ್ನವೀರ ಬಿಡುಗಡೆಯಾದ.

ಸಿಳ್ಳೆ ಹಾಕುತ್ತ ಮನೆಗೆ ಬಂದು, ಬಾಗಿಲನ್ನು ಚೌಕಟ್ಟಿಗೆ ಕೂಡಿಸಿ, ಧಾರಾಳವಾಗಿ ಎಣ್ಣೆ ಬಿಟ್ಟ. "ಜೀವಾ ಉಳಿಸಿದಿ, ಅಜ್ಜಾ" ಎಂದು ಕಾಲಿಡುವಷ್ಟರಲ್ಲಿ ಬಾಗಿಲು ಧಡಕ್ಕನೆ ಮುಚ್ಚಿಕೊಂಡಿತು.

"ಕೋರ್ಟಿನಾಗ ಕೇಳಿದ್ದಕ್ಕಷ್ಟ ಹೇಳೀನಿ, ತಮ್ಮಾ. ಆ ಪಿಸ್ತೂಲು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಈಗ ನಾ ಕೇಳಾಕತ್ತೀನಿ."

ಚನ್ನವೀರ ಒಂದೇ ಉಸಿರಿಗೆ ಹಿತ್ತಲಿಗೆ ಓಡಿದ. ಎಂದೂ ಯಾರಿಗೂ ಇಲ್ಲವೆನ್ನದ ಆ ಪುಟ್ಟ ಬಾಗಿಲು ಇವತ್ತು ಬಿಗಿಯಾಗಿ ಮುಚ್ಚಿತ್ತು.

"ಅಜ್ಜನ್ನ ಕೇಳದ ಯಾರಿಗೂ ತಗಿಯಂಗಿಲ್ಲ," ಎಂದಿತು ಅದು, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತ. "ನಿನಗೂ!"