ಬೇಲಿಗೆ ಕಟ್ಟಿದ ಸೀರೆ

ಹೊಳೆದಂಡೆಯ ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಅವನು ಸುತ್ತಲೂ ಹಳೆ ಸೀರೆಗಳನ್ನು ಕಟ್ಟಿದ್ದ. ಹೊಳೆಯ ಕಡೆಗೆ ಮಾತ್ರ ಒಂದು ಸೀರೆ ಕಡಿಮೆ ಬಿತ್ತು.

"ಒಗೆದಿದ್ದು ಬ್ಯಾಡ ಕಣಪ್ಪ," ಎಂದರು ಪಕ್ಕದ ಹೊಲದ ಪುಟ್ಟಮಾದಯ್ಯ. "ಮನುಸ್ರ ವಾಸ್ನೆ ಇದ್ರೇನೇ ಹಂದಿ ಹೆದರೋದು."

ಅತ್ತೆಯ ತಿಥಿಗೆಂದು ಹೆಂಡತಿ ಒಬ್ಬಳೇ ತವರಿಗೆ ಹೋಗಿದ್ದಳು. ಹೊಲ ಕಾಯಲು ಇವನು ಉಳಿದಿದ್ದ. ಅವಳ ಟ್ರಂಕಿನ ತಳದಲ್ಲಿ ಒಗೆಯದ ನೂಲಿನ ಸೀರೆಯೊಂದು ಸಿಕ್ಕಿತು. ತಂದು ಕಟ್ಟಿದ.

ಹಂದಿ ಬರಲಿಲ್ಲ. ಆದರೆ ಕೇಳದೆ ತೆಗೆದದ್ದು ಅವನ ಮನಸ್ಸನ್ನು ಚುಚ್ಚುತ್ತಲೇ ಇತ್ತು. ಬೆಳಿಗ್ಗೆ ಸೀರೆ ಬಿಚ್ಚಿ, ಆ ಜಾಗಕ್ಕೆ ಮುಳ್ಳುಕಂಟಿ ಒಡ್ಡಿದ. ಸೀರೆಗೆ ಸೋಪು ಹಚ್ಚಿ, ಹೊಳೆಯ ಬಂಡೆಯ ಮೇಲೆ ಉಜ್ಜಿ ಒಗೆದು, ಒಣಗಿಸಿ, ಮಡಿಚಿ ಟ್ರಂಕಿನಲ್ಲಿಟ್ಟ.

ಊರಿಂದ ಬಂದವಳು ಟ್ರಂಕು ತೆಗೆದು ಆ ಸೀರೆಯನ್ನು ಕೈಗೆತ್ತಿಕೊಂಡಳು.

"ತಪ್ಪಾಯ್ತು," ಎಂದ. "ಒಂದು ರಾತ್ರಿ ಬೇಲಿಗೆ ಕಟ್ಟಿದ್ದೆ."

"ಕಟ್ಟಿದ್ರೆ ಕಟ್ಕೊಳ್ಳಿ. ಅದಕ್ಕೇನೂ ಅನ್ನಲ್ಲ."

"ಎಲ್ಲೂ ಹರಿದಿಲ್ಲ ನೋಡು. ಒಂಚೂರೂ ಕೊಳೆ ಉಳೀದಂಗೆ ನಾನೇ ಒಗೆದಿದ್ದೀನಿ."

ಅವಳು ಸೀರೆಯನ್ನು ಮೂಗಿಗೆ ಒತ್ತಿ ಹಿಡಿದೇ ಇದ್ದಳು.

"ಅಮ್ಮ ಆಸ್ಪತ್ರೆಗೆ ಹೋಗೋವಾಗ ಬಿಚ್ಚಿಟ್ಟಿದ್ದ ಸೀರೆ ಇದು," ಎಂದಳು. "ಅದಕ್ಕೇ ನಾನು ಒಗೆದಿರಲಿಲ್ಲ."